ದೊಡ್ಡಮಳೂರಿನ ತೊಟ್ಟಿಲುಗಳು

ಮಕ್ಕಳಿಲ್ಲದವರು ಮಕ್ಕಳನ್ನು ಬೇಡಿಕೊಳ್ಳಲು ಹೋಗತಕ್ಕ ಕ್ಷೇತ್ರಗಳು ನಮ್ಮ ನಾಡಿನಲ್ಲಿ ಅನೇಕವಾಗಿ ಉಂಟು. ಇರುವ ಮಗು ರಾತ್ರಿಯ ಹೊತ್ತು ಕಣ್ಣು ಮುಚ್ಚಲೆಂದು ಬೇಡಿಕೊಳ್ಳಲು ಹೋಗತಕ್ಕ ಕ್ಷೇತ್ರವನ್ನು ಮಾತ್ರ ನಾವು ಕೇಳಿಲ್ಲ. ಅಂಥದೊಂದು ಇದ್ದಿದ್ದರೆ ಅಲ್ಲಿಯ ಹುಂಡಿ ತುಂಬಿ ಹರಿಯುತ್ತಿದ್ದುದರಲ್ಲಿ ಸಂದೇಹವಿಲ್ಲ. ಆದಕಾರಣ ಮೊದಲನೆಯ ಬಗೆಯ ಕ್ಷೇತ್ರಕ್ಕೇ ಎರಡನೆಯ ಬಗೆಯ ಬೇಡಿಕೆಯನ್ನು ಹೊತ್ತು ನಾವು ಕಳೆದ ಮಾಘಮಾಸದಲ್ಲಿ ಸಕುಟುಂಬವಾಗಿ ಹೊರಟೆವು. ಹೋದ ಊರು ದೊಡ್ಡಮಳೂರು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿ ಚನ್ನಪಟ್ಟಣವಿರುವುದು ವಾಚಕರಿಗೆ ತಿಳಿದೇ ಇದೆ. ಅದನ್ನು ದಾಟಿ ಮದ್ದೂರಿನ ಕಡೆಗೆ ಮೂರು ಕಿಲೋಮೀಟರಿನಷ್ಟು ನಡೆದರೆ, ಕಣ್ವಾ ನದಿಯ ಬಳಿಯಲ್ಲಿ ಈ ಊರು. ನದಿಗೆ ಆ ಹೆಸರು ಕಣ್ವಮಹರ್ಷಿಗಳಿಂದ ಬಂದಿತೆಂದು ಊರಿನವರು ಹೇಳುವರು. ಬಹುಕಾಲ ಶಾಕುಂತಲವನ್ನು ಪಾಠಹೇಳಿದ ನಮಗೆ, ಕಾಳಿದಾಸನ ಕಣ್ವರ ಆಶ್ರಮವು ಮಾಲಿನೀತೀರದಲ್ಲಿದ್ದುದು ನೆನಪಿಗೆ ಬಾರದೆ ಇರಲಿಲ್ಲ. ಆದರೂ, ಪರರು ಬಿಟ್ಟುಹೋದ ಮಗುವನ್ನು ಎತ್ತಿ ಸಾಕಿದ ಋಷಿಯ ಹೆಸರು ಸಂತಾನಾರ್ಥಿಗಳು ಬರುವ ಊರಿನ ಹೊಳೆಗೆ ಇರುವುದು ಒಪ್ಪುವಂತೆಯೇ ಇದೆ. ಅದರ ಮೇಲೆ ವಾದಮಾಡಲು ನಮಗೆ ಮನಸ್ಸಾಗಲಿಲ್ಲ.

ಹೊರಟ ಕಾರಣವನ್ನು ಹೇಳದೆ ಮುಂದುವರಿಯುವಂತಿಲ್ಲ. ನಮ್ಮ ಮೊಮ್ಮಗನಿಗೆ ಆಗ ಹತ್ತು ತಿಂಗಳು. ಅವನು ಹುಟ್ಟುವುದಕ್ಕೆ ಮುಂಚೆ ನಮ್ಮ ಸೊಸೆಗೆ ಎರಡು ಸಲ ಗರ್ಭ ನಿಲ್ಲದೆ ಹೋಗಿದ್ದಿತು. ಆಗ ನಮ್ಮ ಮನೆಯವರು ಮಳೂರಿನ ಅಂಬೆಗಾಲಿನ ಕೃಷ್ಣನಿಗೆ ತೊಟ್ಟಿಲಿನ ಹರಕೆಯನ್ನು ಹೊತ್ತಿದ್ದರು. ಮಗುವೇನೋ ಸುಖವಾಗಿ ಹುಟ್ಟಿದ. ಆದರೆ ಹುಟ್ಟಿದಂದಿನಿಂದ ಆ ಮಗುವಿಗೆ ಲೋಕವನ್ನು ನೋಡುವ ಆತುರ ಎಷ್ಟೆಂದರೆ, ಕಣ್ಣು ಮುಚ್ಚಿದರೆ ಏನು ತಪ್ಪಿಹೋಗುವುದೋ ಎಂಬ ಭಯವಿದ್ದವನಂತೆ ವರ್ತಿಸುತ್ತಿದ್ದ. ಆರು ತಿಂಗಳು ತುಂಬುವ ಮೊದಲೇ ತೆವಳಿದ, ಏಳಕ್ಕೆ ಅಂಬೆಗಾಲಿಟ್ಟ, ಒಂಬತ್ತಕ್ಕೆ ಮಂಚದ ಕಾಲನ್ನು ಹಿಡಿದು ಎದ್ದುನಿಂತು, ಕುಳಿತುಕೊಳ್ಳುವುದು ಹೇಗೆಂಬುದು ತಿಳಿಯದೆ ಅಲ್ಲಿಂದಲೇ ಅಳುತ್ತಿದ್ದ. ಅವನ ಕೈಗೆ ಸಿಕ್ಕದ ವಸ್ತು ಮನೆಯಲ್ಲಿಲ್ಲ. ನಮ್ಮ ಅಮರಕೋಶದಲ್ಲಿ ಮನುಷ್ಯವರ್ಗದ ಎರಡು ಪುಟಗಳನ್ನು ಹರಿದು ಬಾಯಿಗಿಟ್ಟುಕೊಂಡ. ಮೊಲೆಗೂಸಿನ ಹೆಸರುಗಳು ಇರುವುದು ಆ ವರ್ಗದಲ್ಲಿಯೇ. ಹಗಲು ಹೀಗೆ ಕಳೆದರೆ ರಾತ್ರಿಯಾದರೂ ದಣಿದು ಮಲಗಬೇಕಷ್ಟೆ? ಮಲಗುವನು. ಮುಕ್ಕಾಲು ಗಂಟೆಯಾದ ಮೇಲೆ ಏಳುವನು. ಮತ್ತೆ ತೂಗಿ, ಹಾಡಿ, ಹಾಲು ಕುಡಿಸಿ ಮಲಗಿಸಿದರೆ ಮತ್ತೆ ಮುಕ್ಕಾಲು ಗಂಟೆ. ಬೆಳಗಿನ ಜಾವ ನಾಲ್ಕಕ್ಕೆ ನಗುತ್ತಾ ಎದ್ದು ಕುಳಿತು, ಆ ದಿನದ ವ್ಯವಹಾರವನ್ನು ಆರಂಭಿಸುವನು.

ಉಪಾಧ್ಯಾಯವೃತ್ತಿಯಲ್ಲಿ ಹಾಜರಿಪುಸ್ತಕವನ್ನು ಬರೆದು ಅಭ್ಯಾಸವಾದ ಕೈ ನಮ್ಮದು. ಆದ್ದರಿಂದ ಒಂದು ನೋಟುಪುಸ್ತಕವನ್ನು ತೊಟ್ಟಿಲಿನ ಬಳಿಯಿಟ್ಟು, ಹದಿನೈದು ದಿನ ಮಗು ಮಲಗಿದ ಎದ್ದ ಹೊತ್ತುಗಳನ್ನು ಬರೆದೆವು. ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ಸೂಚನೆಗಳ ಪ್ರಕಾರ, ನಾಲ್ಕರಿಂದ ಹನ್ನೊಂದು ತಿಂಗಳವರೆಗಿನ ಕೂಸಿಗೆ ಹಗಲು ರಾತ್ರಿ ಎರಡೂ ಸೇರಿ 12ರಿಂದ 16 ಗಂಟೆಗಳ ನಿದ್ದೆ ಬೇಕು. ನಮ್ಮ ಪುಸ್ತಕದ ಲೆಕ್ಕವನ್ನು ಕೂಡಿದಾಗ ಹನ್ನೊಂದೂವರೆ ಗಂಟೆ ಬಂದಿತು! ನಿದ್ದೆಯನ್ನೇ ಮಾಡದ ಮಗುವೆಂದು ಬೀದಿಯೆಲ್ಲಾ ಹೆಸರಾಗಿದ್ದವನಿಗೆ ನಿಜವಾಗಿ ಕಡಿಮೆಯಾಗಿದ್ದುದು ಅರ್ಧ ಗಂಟೆ. ಆದರೆ ಆ ಹನ್ನೊಂದೂವರೆ ಗಂಟೆಯು ಹತ್ತು ಹನ್ನೊಂದು ತುಂಡುಗಳಾಗಿ ಹರಿದುಹೋಗಿತ್ತು. ಅದೇ ಪುಸ್ತಕದ ಎಡಬದಿಯಲ್ಲಿ ಸೊಸೆಯ ನಿದ್ದೆಯನ್ನೂ ಗುರುತು ಹಾಕಿದ್ದೆವು. ಅದು ನಾಲ್ಕು ಗಂಟೆಯನ್ನು ದಾಟಿದ ದಿನ ಒಂದೂ ಇಲ್ಲ, ಒಂದೇ ಸಮನೆ ಒಂದು ಗಂಟೆಯೂ ಇಲ್ಲ. ಕೂಸಿಗೆ ಹಗಲು ಮೂರು ಸಲ ಮಲಗುವ ಸ್ವಾತಂತ್ರ್ಯವುಂಟು, ತಾಯಿಗೆ ಅದಿಲ್ಲ. ರೋಗ ಎಲ್ಲಿದೆಯೆಂಬುದು ಈ ಎರಡು ಸಾಲುಗಳನ್ನು ಪಕ್ಕಪಕ್ಕದಲ್ಲಿ ನೋಡಿದಾಗ ತಿಳಿಯಿತು.

ವೈದ್ಯರ ಬಳಿಗೂ ಹೋಗಿದ್ದೆವು. ಅವರು ಮಗುವಿನ ತೂಕ, ಕಿವಿ, ಉಸಿರು, ರಕ್ತದಲ್ಲಿಯ ಕಬ್ಬಿಣದ ಅಂಶ ಎಲ್ಲವನ್ನೂ ನೋಡಿ ನ್ಯೂನತೆಯೇನೂ ಇಲ್ಲವೆಂದರು. ಕಬ್ಬಿಣದ ಅಂಶ ಕಡಿಮೆಯಾದರೂ ಮಕ್ಕಳು ರಾತ್ರಿ ಹೊರಳಾಡುವುದುಂಟಂತೆ. ಪ್ರೌಢರ ನಿದ್ದೆಯ ಒಂದು ಸುತ್ತು ಒಂದೂವರೆ ಗಂಟೆಯಾದರೆ ಕೂಸಿನದು ಒಂದು ಗಂಟೆಗಿಂತ ಕಡಿಮೆ. ಒಂದೊಂದು ಸುತ್ತಿನ ಕೊನೆಯಲ್ಲಿಯೂ ಎಲ್ಲ ಮಕ್ಕಳೂ ಅರೆ ಎಚ್ಚರಗೊಳ್ಳುತ್ತವೆ. ಕೆಲವು ತಾವೇ ಮತ್ತೆ ನಿದ್ದೆಗೆ ಜಾರುತ್ತವೆ, ಕೆಲವು ಕೂಗಿ ಕರೆಯುತ್ತವೆ. ನಿಮ್ಮದು ಕರೆಯುವ ಜಾತಿ ಎಂದು ವಿವರಿಸಿದರು.

ಬಂಧುಗಳ ವೈದ್ಯ ಬೇರೆ. ಜಾಯಿಕಾಯಿಯನ್ನು ತೇದು ನೆಕ್ಕಿಸಿ ಎಂದರು ಒಬ್ಬರು. ಗಸಗಸೆಯನ್ನು ಅರೆದು ಹಾಲಿನಲ್ಲಿ ಕೊಡಿ ಎಂದರು ಇನ್ನೊಬ್ಬರು. ಗಸಗಸೆ ಅಫೀಮಿನ ಗಿಡದ ಬೀಜವೆಂಬುದನ್ನೂ, ಜಾಯಿಕಾಯಿ ಮಿತಿಮೀರಿದರೆ ವಿಷವೆಂಬುದನ್ನೂ, ಕೂಸಿಗೆ ಮಿತಿ ಎಷ್ಟೆಂಬುದನ್ನು ಯಾವ ಅಜ್ಜಿಯೂ ತೂಗಿ ನೋಡಿಲ್ಲವೆಂಬುದನ್ನೂ ವೈದ್ಯರು ಹೇಳಿದ್ದರಿಂದ ನಾವು ಎರಡನ್ನೂ ಬಿಲ್‌ಕುಲ್ ನಿಲ್ಲಿಸಿದೆವು. ಕಳೆದ ಶತಮಾನದ ಮೊದಲ ಭಾಗದಲ್ಲಿ ಮುಂಬಯಿಯ ಗಿರಣಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದ ಬಡ ತಾಯಂದಿರು, ಮನೆಯಲ್ಲಿ ಬಿಟ್ಟ ಕೂಸು ಮಲಗಿರಲೆಂದು ಬಾಲಗೋಲಿ ಎಂಬ ಅಫೀಮಿನ ಗುಳಿಗೆಯನ್ನು ಕೊಡುತ್ತಿದ್ದರೆಂದು ಓದಿದ್ದೇವೆ. ಆ ತಾಯಂದಿರಿಗೆ ಬೇರೆ ದಾರಿಯಿರಲಿಲ್ಲ, ನಮಗುಂಟು. ಉಪ್ಪುಮೆಣಸಿನಕಾಯಿಯನ್ನು ನಿವಾಳಿಸಿ ದೃಷ್ಟಿ ತೆಗೆಯುವುದಕ್ಕೆ ಮಾತ್ರ ನಮ್ಮ ಅಡ್ಡಿಯಿರಲಿಲ್ಲ. ಅದರ ಘಾಟು ಮಗುವಿನ ಮೂಗಿಗೆ ಹೋಗದಿದ್ದರೆ ಸಾಕು.

ಇವೆಲ್ಲಕ್ಕಿಂತ ಕೆಟ್ಟದ್ದು, "ಹಾಲು ಸಾಲದು, ಅದಕ್ಕೇ ಮಗು ಮಲಗದು" ಎಂಬ ಮಾತು. ಬಂದವರಲ್ಲಿ ಹತ್ತಕ್ಕೆ ಆರು ಮಂದಿ ಇದನ್ನು ಸೊಸೆಯ ಮುಖದೆದುರಿಗೇ ಹೇಳಿಹೋದರು. ಮಗು ತೂಕದಲ್ಲಿ ಸರಿಯಾಗಿ ಬೆಳೆಯುತ್ತಿದೆಯೆಂದು ವೈದ್ಯರ ಕಾಗದ ಗೋಡೆಯ ಮೇಲಿದ್ದರೂ ಕೇಳುವವರಾರು? ಕ್ರಮೇಣ ಆಕೆ ಮಾತು ಕಡಿಮೆಮಾಡಿದಳು. ಆಮೇಲೆ ಊಟವನ್ನು ಕಡಿಮೆಮಾಡಿದಳು. ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿ ಹರಿಯುತ್ತಿದ್ದರೂ ಅದನ್ನೇ ನೋಡುತ್ತಾ ನಿಂತಿದ್ದಳು. ಆ ಸಂಜೆಯೇ ನಮ್ಮ ಮನೆಯವರು, "ಮಳೂರಿನ ಹರಕೆ ಇನ್ನೂ ಬಾಕಿಯಿದೆ, ಹೋಗಿಬರೋಣ" ಎಂದರು.

ಮೈಸೂರಿನಿಂದ ಬೆಳಗಿನ ರೈಲಿಗೆ ಹೊರಟೆವು. ನಮ್ಮ ಬಾಲ್ಯದಲ್ಲಿ ಇದನ್ನು ಹೊಗೆಬಂಡಿಯೆನ್ನುತ್ತಿದ್ದೆವು. ಈಗ ವಿದ್ಯುತ್ತಿನಿಂದ ಓಡುವ ಈ ಬಂಡಿಯಲ್ಲಿ ಹೊಗೆಯೂ ಇಲ್ಲ, ಕಣ್ಣಿಗೆ ಬೀಳುವ ಕಿಡಿಯೂ ಇಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟುವಾಗ ಮಗು ಕಿಟಕಿಯ ಸರಳನ್ನು ಹಿಡಿದು ಕುಣಿಯುತ್ತಿದ್ದ. ಪಾಂಡವಪುರ ಕಳೆಯುವ ವೇಳೆಗೆ ಅವನ ತಲೆ ತೂಗಾಡಿತು. ಮಂಡ್ಯದ ಕಬ್ಬಿನ ಗದ್ದೆಗಳು ಕಾಣಿಸಿಕೊಳ್ಳುವಷ್ಟರಲ್ಲಿ, ನಮ್ಮ ಮಗನ ತೊಡೆಯ ಮೇಲೆ ಗಾಢವಾಗಿ ಮಲಗಿಬಿಟ್ಟ. ಮನೆಯಲ್ಲಿ ಗಂಟೆಗಟ್ಟಲೆ ತೂಗಿದರೂ ಬಾರದ ನಿದ್ದೆಯನ್ನು ರೈಲು ಕಾಲು ಗಂಟೆಯಲ್ಲಿ ತಂದುಕೊಟ್ಟಿತು. ಇದರ ಮರ್ಮವನ್ನು ಜಪಾನಿನ ರಿಕೆನ್ ಸಂಶೋಧನ ಸಂಸ್ಥೆಯವರು ಹುಡುಕಿದ್ದಾರೆ. ಅಳುವ ಕೂಸನ್ನು ಎತ್ತಿಕೊಂಡು ಒಂದೇ ಸಮನೆ ಐದು ನಿಮಿಷ ನಡೆದರೆ ಅದರ ಎದೆಬಡಿತ ನಿಧಾನವಾಗಿ ಅಳು ನಿಲ್ಲುವುದೆಂದೂ, ಮಲಗಿದ ಒಡನೆಯೇ ಕೆಳಗೆ ಇಳಿಸದೆ ಮತ್ತೂ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತಿದ್ದು ಆಮೇಲೆ ಮಲಗಿಸಿದರೆ ಎಚ್ಚರವಾಗುವುದು ಕಡಿಮೆಯೆಂದೂ ಅವರು 2022ರಲ್ಲಿ ಪ್ರಕಟಿಸಿದರು. ಪರೀಕ್ಷಿಸಿದ ಮಕ್ಕಳು ಕೇವಲ 21. ಆದರೂ ವಿಷಯ ಹಳೆಯದೇ. ಮಗುವನ್ನು ಥಟ್ಟನೆ ಎತ್ತಬಾರದು, ಥಟ್ಟನೆ ಇಳಿಸಬಾರದು, ಮಲಗಿದ್ದಾಗ ಹಠಾತ್ತಾಗಿ ಎಬ್ಬಿಸಬಾರದು, ಗದರಿಸಬಾರದು ಎಂಬ ವಿಧಿಗಳನ್ನು ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಓದಿದವರಿಗೆ ಜಪಾನಿನವರ ಮಾತು ಪರಿಚಿತವಾಗಿಯೇ ಕೇಳಿಸುವುದು.

ಆದರೆ ಸುಶ್ರುತರು ಮದ್ದೂರಿನ ವಡೆಯವರಿಗೆ ವಿಧಿಯೇನನ್ನೂ ಹಾಕಲಿಲ್ಲ. ಸ್ಟೇಷನ್ನಿನಲ್ಲಿ ಬಂಡಿ ನಿಂತಿತೋ ಇಲ್ಲವೋ, "ವಡೇ, ವಡೇ, ಮದ್ದೂರ್ ವಡೇ" ಎಂಬ ಕೂಗು ನಮ್ಮ ಕಿಟಕಿಯಲ್ಲಿಯೇ ಎದ್ದಿತು. ಮಗು ಎದ್ದು ಕುಳಿತು, ಬುಟ್ಟಿಯನ್ನು ನೋಡಿ ಎರಡು ಕೈಗಳನ್ನೂ ಚಾಚಿತು. ಎದ್ದದ್ದು ಎದ್ದಾಯಿತು, ಇನ್ನು ವಡೆಯನ್ನಾದರೂ ಬಿಡುವುದೇಕೆಂದು ನಾವು ನಾಲ್ಕನ್ನು ಕೊಂಡೆವು. ಅಕ್ಕಿಹಿಟ್ಟು, ಮೈದಾ, ರವೆಗಳ ಜೊತೆಗೆ ಈರುಳ್ಳಿ ಬೆರೆತ ಆ ಗರಿಮುರಿಯ ವಡೆ ಎಂದಿನಂತೆ ಚೆನ್ನಾಗಿಯೇ ಇದ್ದಿತು. ಸೊಸೆ ತನ್ನದನ್ನು ಕೈಯಲ್ಲಿ ಹಿಡಿದವಳು, ಚನ್ನಪಟ್ಟಣದಲ್ಲಿ ಇಳಿಯುವವರೆಗೂ ಹಿಡಿದೇ ಇದ್ದಳು.

ಸ್ಟೇಷನ್ನಿನಿಂದ ಆಟೋ ಮಾಡಿಕೊಂಡು ಮಳೂರಿಗೆ ಬಂದೆವು. ದೇವಸ್ಥಾನದ ಮುಖ್ಯದೇವರು ಶ್ರೀ ಅಪ್ರಮೇಯಸ್ವಾಮಿ, ಅಮ್ಮನವರು ಅರವಿಂದವಲ್ಲಿ. ಅಪ್ರಮೇಯವೆಂದರೆ ಅಳತೆಗೆ ಸಿಕ್ಕದ್ದು. ಶ್ರೀರಾಮನು ಇಲ್ಲಿ ಪೂಜೆಮಾಡಿದನೆಂಬ ಐತಿಹ್ಯದಿಂದ ರಾಮಾಪ್ರಮೇಯನೆಂಬ ಹೆಸರೂ ಉಂಟು. ಕಟ್ಟಡವು ಚೋಳರ ಕಾಲದ್ದೆನ್ನುವರು. ಅಸ್ತಿವಾರವಿಲ್ಲದೆ ಮರಳಿನ ಮೇಲೆಯೇ ನಿಂತಿದೆಯೆಂದೂ ಊರಿನವರು ಹೆಮ್ಮೆಯಿಂದ ಹೇಳುವರು. ಅಗೆದು ನೋಡುವ ಅಧಿಕಾರ ನಮಗಿಲ್ಲವಾದ್ದರಿಂದ ಕೇಳಿ ತಲೆದೂಗಿದೆವು. ಎತ್ತರವಾದ ಗೋಪುರ, ವಿಶಾಲವಾದ ಪ್ರಾಕಾರ, ತಂಪಾದ ಕಲ್ಲುಚಪ್ಪಡಿಗಳು. ಮಾಘದ ಬಿಸಿಲು ಅಂಗಳದಲ್ಲಿ ಮಾತ್ರ.

ಜನರು ಬರುವುದು ಮಾತ್ರ ಹೆಚ್ಚಾಗಿ ಪ್ರಾಕಾರದಲ್ಲಿರುವ ನವನೀತಕೃಷ್ಣನ ಸನ್ನಿಧಿಗೆ. ಕಪ್ಪುಶಿಲೆಯ ಚಿಕ್ಕ ಮೂರ್ತಿ. ಅಂಬೆಗಾಲಿಟ್ಟು ಹೊರಟಿರುವ ಕೂಸು, ಬಲಗೈಯಲ್ಲಿ ಬೆಣ್ಣೆಯ ಮುದ್ದೆ, ಮುಖ ಕೊಂಚ ಮೇಲಕ್ಕೆ ತಿರುಗಿದೆ. ನಿಂತ ಕೃಷ್ಣರನ್ನೂ, ಕೊಳಲೂದುವ ಕೃಷ್ಣರನ್ನೂ, ಗೋವರ್ಧನವನ್ನೆತ್ತಿದ ಕೃಷ್ಣರನ್ನೂ ಬೇಕಾದಷ್ಟು ಕಡೆ ನೋಡಬಹುದು. ನಾಲ್ಕು ಕಾಲಿನ ಮೇಲೆ ಮನೆಯೆಲ್ಲ ಸುತ್ತಾಡುವ ವಯಸ್ಸಿನ ಕೃಷ್ಣನನ್ನೇ ಮೂಲಮೂರ್ತಿಯಾಗಿ ಪೂಜಿಸುವ ಸ್ಥಳಗಳು ವಿರಳ. ಈ ಮೂರ್ತಿಯನ್ನು ವ್ಯಾಸರಾಯರು ಪ್ರತಿಷ್ಠೆಮಾಡಿದರೆಂದು ಸಂಪ್ರದಾಯ. ಅವರು ಬಾಲ್ಯದಲ್ಲಿ ಬೆಳೆದದ್ದು ಇದೇ ಸೀಮೆಯ ಅಬ್ಬೂರಿನಲ್ಲಿ, ಬ್ರಹ್ಮಣ್ಯತೀರ್ಥರ ಆಶ್ರಯದಲ್ಲಿ. ಆದ್ದರಿಂದ ಈ ಮಾತಿಗೆ ನೆಲದ ಒತ್ತಾಸೆಯಾದರೂ ಉಂಟು. ಪುರಂದರದಾಸರು ಜಗದೋದ್ಧಾರನ ಎಂಬ ಕೀರ್ತನೆಯನ್ನು ಹಾಡಿದ್ದು ಇಲ್ಲಿಯೇ ಎಂದೂ, ಬಾಗಿಲು ಮುಚ್ಚಿದ್ದಾಗ ದಾಸರ ಹಾಡನ್ನು ಕೇಳಿ ಮಗು ಕತ್ತು ಹೊರಳಿಸಿ ನೋಡಿತೆಂದೂ ಹೇಳುವರು. ಹತ್ತು ತಿಂಗಳ ಮಗು ಹಾಡು ಕೇಳಿದರೆ ಕತ್ತು ಹೊರಳಿಸುವುದನ್ನು ದಿನವೂ ನೋಡುತ್ತಿದ್ದ ನಮಗೆ ಇದರಲ್ಲಿ ಅಸಂಭವವೇನೂ ತೋರಲಿಲ್ಲ.

ಸನ್ನಿಧಿಯ ಬಳಿ ಹರಕೆಯ ತೊಟ್ಟಿಲುಗಳು ತೂಗುತ್ತಿರುತ್ತವೆ. ಗೇಣುದ್ದದ ಮರದ ತೊಟ್ಟಿಲುಗಳೇ ಹೆಚ್ಚು; ಅನುಕೂಲಸ್ಥರು ಬೆಳ್ಳಿಯದನ್ನು ಒಪ್ಪಿಸುವುದೂ ಉಂಟು. ಒಂದೊಂದರ ಹಿಂದೆಯೂ ಒಂದು ಮನೆ, ಕೆಲವು ವರ್ಷಗಳ ಕಾಯುವಿಕೆ. ಗಾಳಿ ಬಂದಾಗ ಅವು ಒಂದಕ್ಕೊಂದು ತಗುಲಿ ಸಣ್ಣಗೆ ಸದ್ದುಮಾಡುತ್ತವೆ. ಖಾಲಿ ತೊಟ್ಟಿಲನ್ನು ತೂಗಬಾರದೆಂದು ನಮ್ಮ ಮನೆಗಳಲ್ಲಿ ಹಿರಿಯರು ಗದರಿಸುವುದುಂಟು. ಇಲ್ಲಿ ಅವನ್ನು ತೂಗುವವನು ದೇವರೇ ಆದ್ದರಿಂದ ಯಾರೂ ಏನೂ ಹೇಳುವಂತಿಲ್ಲ.

ಪೂಜೆಯಾಯಿತು, ಬೆಣ್ಣೆಯ ಪ್ರಸಾದ ಬಂದಿತು, ನಮ್ಮ ತೊಟ್ಟಿಲನ್ನೂ ಒಪ್ಪಿಸಿದೆವು. ಮಗುವನ್ನು ಕೆಳಗೆ ಬಿಟ್ಟದ್ದೇ ತಡ, ಅದು ಕಲ್ಲುಚಪ್ಪಡಿಯ ಮೇಲೆ ಧಾವಿಸತೊಡಗಿತು. ಸೊಸೆ ಅಭ್ಯಾಸಬಲದಿಂದ ಹಿಂದೆ ಹೊರಟಳು. ಕಂಬದ ಬಳಿ ಒಬ್ಬ ಹೆಂಗಸು ಕುಳಿತಿದ್ದರು, ಮೂವತ್ತೈದು ವಯಸ್ಸಿರಬಹುದು. ಅವರ ಮಡಿಲಿನಲ್ಲಿ ಹೊಸದಾಗಿ ಕೊಂಡ ಪುಟ್ಟ ತೊಟ್ಟಿಲು. ಮಗು ನೇರವಾಗಿ ಅವರ ಬಳಿಗೇ ಹೋಗಿ ಆ ತೊಟ್ಟಿಲನ್ನು ಹಿಡಿದು ಎಳೆಯಿತು.

"ಅಯ್ಯೋ, ಹರಕೆಯದಮ್ಮ, ಬಿಡಿಸುತ್ತೇನೆ" ಎಂದು ಸೊಸೆ ಬಾಗಿದಳು.

"ಇರಲಿ ಬಿಡಿ ಅಕ್ಕ. ಮಗು ಮುಟ್ಟಿದರೆ ಒಳ್ಳೆಯದಂತೆ" ಎಂದರು ಆಕೆ. ಸ್ವಲ್ಪ ಹೊತ್ತಿನ ಮೇಲೆ, "ಎತ್ತಿಕೊಳ್ಳಲೇ?" ಎಂದು ಕೇಳಿದರು.

"ಎತ್ತಿಕೊಳ್ಳಿ. ಆದರೆ ಇವನು ಒಂದು ಕಡೆ ಕೂರುವವನಲ್ಲ. ಮಲಗುವವನೂ ಅಲ್ಲ. ನಿಮಗೆ ಸಾಕಾಗಿಹೋಗುತ್ತದೆ."

"ಸಾಕಾಗಲಿ, ಅಕ್ಕ. ನನಗೆ ಒಂಬತ್ತು ವರ್ಷದಿಂದ ನಿದ್ದೆ ಕೆಡಿಸುವವರು ಯಾರೂ ಇಲ್ಲ" ಎಂದು ಆಕೆ ನಕ್ಕರು.

ಸೊಸೆ ಆ ಮಾತಿಗೆ ಉತ್ತರ ಹೇಳಲಿಲ್ಲ. ಅಲ್ಲಿಯೇ ಕಂಬಕ್ಕೆ ಒರಗಿ ಕುಳಿತಳು. ಆ ಹೆಂಗಸು ಮಗುವನ್ನು ಎತ್ತಿಕೊಂಡು ಪ್ರಾಕಾರವನ್ನು ಒಂದು ಸುತ್ತು ಬಂದರು. ಎರಡು ಸುತ್ತು ಬಂದರು. ಆಮೇಲೆ ಮಗು ಇಳಿಯಬೇಕೆಂದು ಹಟಮಾಡಿತು. ಇಳಿಸಿ ಬೆನ್ನಹಿಂದೆ ಬಾಗಿ ಬಾಗಿ ನಡೆದರು. ಅವರ ಜೊತೆಗೆ ಬಂದಿದ್ದ ವಯಸ್ಸಾದ ಅತ್ತೆಯೂ ಚಪ್ಪಾಳೆ ತಟ್ಟಿಕೊಂಡು ಸೇರಿಕೊಂಡರು. ನಾವು ತಿರುಗಿ ನೋಡುವಷ್ಟರಲ್ಲಿ ಸೊಸೆಗೆ ನಿದ್ದೆ ಬಂದಿತ್ತು. ಕುಳಿತಂತೆಯೇ, ತಲೆ ಒಂದು ಕಡೆ ವಾಲಿ, ಕೈ ಬಿಚ್ಚಿಹೋಗಿ. ನಮ್ಮ ಮನೆಯವರು ತಮ್ಮ ಶಾಲನ್ನು ಮಡಿಸಿ ತಲೆಗೂ ಕಂಬಕ್ಕೂ ನಡುವೆ ಇಟ್ಟರು. ನಮ್ಮ ಮಗ ಸ್ವಲ್ಪ ದೂರದಲ್ಲಿ ನಿಂತು ಹೆಂಡತಿಯ ಮುಖವನ್ನೇ ನೋಡುತ್ತಿದ್ದ, ಏನೂ ಮಾತನಾಡಲಿಲ್ಲ. ದೇವಸ್ಥಾನಕ್ಕೆ ಬಂದುಹೋಗುವವರು ಆಕೆಯನ್ನು ಬಳಸಿಕೊಂಡು ನಡೆದರು. ಒಂದು ಗಂಟೆ ನಲವತ್ತು ನಿಮಿಷ. ನಮ್ಮ ನೋಟುಪುಸ್ತಕ ಆರಂಭವಾದಮೇಲೆ ಎಡಬದಿಯ ಸಾಲಿನಲ್ಲಿ ಅಷ್ಟು ದೊಡ್ಡ ಅಂಕಿ ಬಿದ್ದದ್ದು ಅದೇ ಮೊದಲು.

ಆ ಹೊತ್ತಿನಲ್ಲಿ ನಮ್ಮ ನೆನಪಿಗೆ ಬಂದದ್ದು ಭಾಗವತದ ದಶಮಸ್ಕಂಧದ ಉಲೂಖಲ ಪ್ರಸಂಗ. ತುಂಟ ಮಗುವನ್ನು ಒರಳಿಗೆ ಕಟ್ಟಲು ಯಶೋದೆ ಹಗ್ಗ ತರುತ್ತಾಳೆ. ಎರಡು ಅಂಗುಲ ಸಾಲದಾಗುತ್ತದೆ. ಇನ್ನೊಂದನ್ನು ಸೇರಿಸುತ್ತಾಳೆ, ಮತ್ತೆ ಎರಡಂಗುಲ. ಮನೆಯ ಹಗ್ಗವೆಲ್ಲ ಮುಗಿಯುತ್ತದೆ. ಕಥೆ ಹೇಳುವವರು ಈ ಎರಡಂಗುಲದ ಚಮತ್ಕಾರದಲ್ಲಿಯೇ ನಿಂತುಬಿಡುವುದು ವಾಡಿಕೆ. ಆದರೆ ಶುಕಮುನಿಗಳು ಅಲ್ಲಿ ನಿಲ್ಲಲಿಲ್ಲ. ತಾಯಿಯ ಮೈಯೆಲ್ಲ ಬೆವೆತದ್ದು, ಮುಡಿ ಸಡಿಲಿ ಹೂ ಜಾರಿದ್ದು, ಆಕೆಯ ಆಯಾಸವನ್ನು ಮಗು ಕಂಡದ್ದು, ಕಂಡು ಕರುಣೆಯಿಂದ ತಾನೇ ಕಟ್ಟಿಗೆ ಒಳಗಾದದ್ದು, ಇಷ್ಟನ್ನೂ ಹೇಳುತ್ತಾರೆ. ತಾಯಿ ದಣಿಯುತ್ತಾಳೆಂಬುದನ್ನು ಗಮನಿಸಿ ಬರೆದಿಟ್ಟ ಪುರಾಣ ಅದು. ನಮ್ಮ ನಿಮ್ಮ ಮನೆಯ ಕೂಸಿಗೆ ಆ ಕಣ್ಣಿಲ್ಲ; ಹತ್ತು ತಿಂಗಳಿಗೆ ಇರಲೂಬಾರದು. ಆ ಕಣ್ಣು ಇರಬೇಕಾದ್ದು ಮನೆಯ ಉಳಿದವರಿಗೆ.

ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿಗೆ ಸೊಸೆಗೆ ಎಚ್ಚರವಾಯಿತು. ಮಗು ಆ ಹೆಂಗಸಿನ ಹೆಗಲಮೇಲೆ ಗಲ್ಲವೂರಿ, ಕಣ್ಣನ್ನು ಅಗಲವಾಗಿ ಬಿಟ್ಟುಕೊಂಡೇ ಇದ್ದ. ಆಕೆ ಅವನನ್ನು ಹಿಂದಕ್ಕೆ ಕೊಡುವಾಗ ಒಂದು ಕ್ಷಣ ತಡೆದರು. ಸೊಸೆಯೂ ಕೈಚಾಚಲು ಆತುರಪಡಲಿಲ್ಲ. ಆಮೇಲೆ ಇಬ್ಬರೂ ಸೇರಿ ಆ ಹೊಸ ತೊಟ್ಟಿಲನ್ನು ಒಪ್ಪಿಸಿ ಬಂದರು. ಅವರ ಊರಾವುದೆಂದು ನಾವು ಕೇಳಲಿಲ್ಲ.

ಸಾಯಂಕಾಲದ ರೈಲಿಗೆ ಹೊತ್ತಿದ್ದುದರಿಂದ ಚನ್ನಪಟ್ಟಣದ ಬೊಂಬೆಗಳನ್ನು ನೋಡಲು ಹೋದೆವು. ಪೇಟೆಯಲ್ಲಿ ಅಂಗಡಿಯವರ ಮುಖ ಅಷ್ಟು ಗೆಲುವಾಗಿಲ್ಲ. 2023ರ ಮಾರ್ಚಿಯಲ್ಲಿ ಬೆಂಗಳೂರು ಮೈಸೂರು ನಡುವಣ ಹೊಸ ಹೆದ್ದಾರಿ ಉದ್ಘಾಟನೆಯಾದಂದಿನಿಂದ ಕಾರುಗಳು ಊರಿನೊಳಕ್ಕೆ ಬಾರದೆ ಹೊರಗಿನಿಂದಲೇ ಹಾರಿಹೋಗುತ್ತಿವೆ. ದಾರಿಯಲ್ಲಿ ನಿಂತು ಗಾಡಿಯ ಬೊಂಬೆಯೊಂದನ್ನು ಕೊಳ್ಳುತ್ತಿದ್ದ ಗಿರಾಕಿ ಈಗ ಬೊಂಬೆಯ ಊರು ದಾಟಿದ್ದನ್ನೇ ಅರಿಯನು. ಬೇಗ ತಲುಪುವುದರಲ್ಲಿ ಸುಖವಿಲ್ಲವೆಂದಲ್ಲ. ಆದರೆ ಮನೆಯಲ್ಲಿ ಕೂಸಿರುವವರು ಒಂದು ಸಲವಾದರೂ ಒಳದಾರಿಗೆ ಇಳಿಯುವುದು ಒಳ್ಳೆಯದು.

ಕೆಲಸಗಾರರೊಬ್ಬರ ಮನೆಯ ಮುಂಭಾಗದಲ್ಲಿಯೇ ಕಡೆಯುವ ತಿರುಗಣಿ ಇದ್ದಿತು. ಬೊಂಬೆಗೆ ಹಾಲೆಮರವೇ ಆಗಬೇಕು. ಬಿಳುಪು, ಮೃದು, ಸಿಬಿರೇಳುವುದಿಲ್ಲ. ಕಡಿದು ತಂದ ಮರವನ್ನು ತಿಂಗಳುಗಟ್ಟಲೆ ಒಣಗಿಸಿ, ತುಂಡುಮಾಡಿ, ತಿರುಗಣಿಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಆಕಾರ ಬಂದಮೇಲೆ, ತಿರುಗುತ್ತಿರುವ ಬೊಂಬೆಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುವರು. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮೈಗೆ ಹತ್ತುವುದು. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡ ಹೀಗೆ ಸಸ್ಯಮೂಲದ ಬಣ್ಣಗಳನ್ನು ಬಳಸುವ ಪದ್ಧತಿಯುಂಟು. ಎಲ್ಲರೂ ಅದನ್ನೇ ಬಳಸುವರೆಂದಲ್ಲ, ಕೇಳಿ ಕೊಳ್ಳಬೇಕು. ಕೊನೆಗೆ ತಾಳೆಗರಿಯನ್ನು, ಎಂದರೆ ಕೇದಗೆಯ ಎಲೆಯನ್ನು ಒತ್ತಿಹಿಡಿದರೆ ಕನ್ನಡಿಯಂತೆ ಹೊಳಪು. ನಮ್ಮ ಮಗು ತನ್ನ ಆಯುಷ್ಯದಲ್ಲಿ ಮೊದಲ ಬಾರಿಗೆ ಹತ್ತು ನಿಮಿಷ ಅಲುಗದೆ ಕುಳಿತು ಆ ಬಣ್ಣದ ಸುತ್ತುವಿಕೆಯನ್ನು ನೋಡಿತು. ಟಿಪ್ಪು ಸುಲ್ತಾನನು ಪಾರಸಿ ಕುಶಲಿಗಳನ್ನು ಕರೆಸಿ ಈ ಕೆಲಸವನ್ನು ಬೆಳೆಯಿಸಿದನೆಂದು ಇಲ್ಲಿ ಹೇಳುವರು. 2005-06ರ ಸಾಲಿನಲ್ಲಿ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತು ದೊರೆತು, ಆ ಹೆಸರನ್ನು ಬೇರೆಯೂರಿನವರು ಬಳಸದಂತೆ ರಕ್ಷಣೆಯಾಗಿದೆ.

ಕೂಸಿನ ಆಟಿಕೆ ಹೇಗಿರಬೇಕೆಂಬುದನ್ನು ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಹೇಳಿದೆ. ಬಣ್ಣಬಣ್ಣವಾಗಿರಬೇಕು, ಸದ್ದುಮಾಡಬೇಕು, ನೋಡಲು ಅಂದವಾಗಿರಬೇಕು; ಭಾರವಿರಕೂಡದು, ಮೊನೆ ಚೂಪಾಗಿರಕೂಡದು, ಬಾಯೊಳಕ್ಕೆ ಹೋಗುವಷ್ಟು ಚಿಕ್ಕದಿರಕೂಡದು, ಪ್ರಾಣಾಪಾಯದ್ದಾಗಿರಕೂಡದು, ನೋಡಿದರೆ ಹೆದರಿಕೆಯಾಗುವಂತಿರಕೂಡದು. ಈ ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಯ ಸಾಲನ್ನು ನೋಡಿದರೆ ಗಿಲಕಿ, ಉರುಳುವ ಬುರುಡೆ, ಮೂರು ಗಾಲಿಯ ನಡೆಗಾಡಿ ಇವು ತೇರ್ಗಡೆಯಾದವು. ಸಣ್ಣ ಮಣಿಗಳ ಸರ ತೇರ್ಗಡೆಯಾಗಲಿಲ್ಲ. ಬುಗುರಿಯನ್ನು ಮೊಳೆಯ ಕಾರಣದಿಂದ ಐದು ವರ್ಷ ಮುಂದಕ್ಕೆ ಹಾಕಿದೆವು.

ಅದೇ ಅಧ್ಯಾಯದಲ್ಲಿ ಮತ್ತೊಂದು ವಿಧಿಯಿದೆ. ಮಗು ಅತ್ತರೂ, ಉಣ್ಣದಿದ್ದರೂ, ಹೇಳಿದಂತೆ ಕೇಳದಿದ್ದರೂ ರಾಕ್ಷಸ ಪಿಶಾಚಿ ಪೂತನಿಯರ ಹೆಸರು ಹೇಳಿ ಹೆದರಿಸಬಾರದು. ರಾತ್ರಿಯಾದರೆ "ಗುಮ್ಮ ಬಂತು, ಮಲಗು" ಎನ್ನುವುದು ನಮ್ಮ ಮನೆಮನೆಯ ಪದ್ಧತಿ. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣನೇ ತಾಯಿಯನ್ನು ಬೇಡಿಕೊಳ್ಳುವಂತೆ ಪುರಂದರದಾಸರು ಒಂದು ಪದವನ್ನೇ ಮಾಡಿದ್ದಾರಷ್ಟೆ. ವೈದ್ಯಶಾಸ್ತ್ರವೂ ದಾಸಸಾಹಿತ್ಯವೂ ಒಂದೇ ಮಾತನ್ನು ಹೇಳುವಾಗ ಗುಮ್ಮನಿಗೆ ರಜೆ ಕೊಡುವುದರಲ್ಲಿ ನಷ್ಟವಿಲ್ಲ. ಹೆದರಿದ ಮಗುವಿಗೆ ನಿದ್ದೆ ಇನ್ನೂ ದೂರ.

ಹಿಂದಿರುಗುವ ರೈಲಿನಲ್ಲಿ ನಮ್ಮ ಮಗ ತಾನಾಗಿಯೇ, "ಅಪ್ಪ, ರಾತ್ರಿಯನ್ನು ಹಂಚಿಕೊಂಡುಬಿಡೋಣ" ಎಂದ. ಸಂಸ್ಕೃತದಲ್ಲಿ ರಾತ್ರಿಗೆ ತ್ರಿಯಾಮಾ ಎಂದು ಹೆಸರು. ಮೊದಲನೆಯ ಯಾಮ ನಮ್ಮದು, ನಡುವಣದು ಮಗನದು, ಬೆಳಗಿನ ಜಾವ ನಮ್ಮ ಮನೆಯವರದು ಎಂದಾಯಿತು. ಸೊಸೆ ಊಟಮಾಡಿ, ಮಗುವಿಗೆ ಹಾಲು ಕೊಟ್ಟು, ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವುದು. ನಡುರಾತ್ರಿಯಲ್ಲಿ ಹಾಲಿಗೆ ಒಂದೇ ಸಲ ಕರೆಯುವುದು. "ಮಾವ, ನಿಮಗೆ ಈ ವಯಸ್ಸಿನಲ್ಲಿ..." ಎಂದು ಆಕೆ ಆರಂಭಿಸಿದಳು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಾ ಎಷ್ಟೋ ಮೊದಲ ಯಾಮಗಳನ್ನು ಕಳೆದವರಿಗೆ ಇದೊಂದು ಉತ್ತರಪತ್ರಿಕೆ ಹೆಚ್ಚಲ್ಲವೆಂದೆವು.

ವೈದ್ಯರಿಂದ ಮೂರು ಎಚ್ಚರಿಕೆಗಳನ್ನು ಪಡೆದುಕೊಂಡೆವು. ಕೂಸನ್ನು ಮಲಗಿಸುವಾಗ ಅಂಗಾತ, ಗಟ್ಟಿಯಾದ ಸಮನಾದ ಹಾಸಿಗೆಯ ಮೇಲೆ, ದಿಂಬು ದಪ್ಪರಜಾಯಿಗಳಿಲ್ಲದೆ ಮಲಗಿಸುವುದು. ಎತ್ತಿಕೊಂಡವರಿಗೆ ತಾವೇ ನಿದ್ದೆಗೆ ಬೀಳುವಂತಾದರೆ ಕುರ್ಚಿಯಲ್ಲಿ ಎತ್ತಿಕೊಂಡು ಕುಳಿತಿರದೆ ಮಗುವನ್ನು ಹಾಸಿಗೆಗೆ ಇಳಿಸುವುದು. ಅಳುವನ್ನು ಕೇಳಿ ಕೇಳಿ ಕೋಪ ನೆತ್ತಿಗೇರಿದರೆ, ಕೂಸನ್ನು ಎಂದಿಗೂ ಜೋರಾಗಿ ಅಲುಗಿಸದೆ, ಸುರಕ್ಷಿತವಾದ ಕಡೆ ಮಲಗಿಸಿ, ನಾವು ಐದು ನಿಮಿಷ ಹೊರಗೆ ಜಗಲಿಗೆ ಹೋಗಿ ನಿಂತುಬರುವುದು. ಅಲುಗಿಸಿದರೆ ಎಳೆಯ ಮೆದುಳಿಗೆ ಪೆಟ್ಟಾಗುವುದು. ನಾಚಿಕೆಯಿಂದ ಯಾರೂ ಆಡದ ಮಾತು ಇದು. ಕೋಪ ಬರುವುದು ಎಂಥ ಪ್ರೀತಿಯುಳ್ಳವರಿಗೂ ಉಂಟು.

ಈಗ ಆರನೆಯ ವಾರ ನಡೆಯುತ್ತಿದೆ. ಮಗುವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ. ಹನ್ನೊಂದೂವರೆ ಗಂಟೆ ಹನ್ನೊಂದೂ ಮುಕ್ಕಾಲಾಗಿದೆ, ತುಂಡುಗಳು ಎಂಟಕ್ಕೆ ಇ�ಳಿದಿವೆ. ಎಡಬದಿಯ ಸಾಲಿನಲ್ಲಿ ಆರೂವರೆ, ಏಳು ಎಂಬ ಅಂಕಿಗಳು ಬೀಳುತ್ತಿವೆ. ಮೊನ್ನೆ ಬಂದ ಬಂಧುವೊಬ್ಬರು ಮತ್ತೆ ಹಾಲು ಸಾಲದೆಂಬ ಮಾತನ್ನು ತೆಗೆದಾಗ, ಸೊಸೆ ನಗುತ್ತಾ ನೋಟುಪುಸ್ತಕವನ್ನು ತಂದು ಅವರ ಮುಂದಿಟ್ಟಳು.

ಮಳೂರಿಗೆ ಹೋಗಬೇಕೆನ್ನುವವರು ಬೆಳಗ್ಗೆಯೇ ತಲುಪುವಂತೆ ಹೊರಡುವುದು ಮೇಲು. ಮಧ್ಯಾಹ್ನ ಬಾಗಿಲು ಹಾಕಿದರೆ ಸಂಜೆಯವರೆಗೆ ಕಾಯಬೇಕಾಗುವುದು. ಹೊತ್ತಿದ್ದರೆ ಹತ್ತಿರದ ನದೀನರಸಿಂಹಸ್ವಾಮಿಯ ಗುಡಿಯನ್ನೂ ನೋಡಬಹುದು. ಕೂಸನ್ನು ಕರೆದೊಯ್ಯುವವರು ಬಿಸಿಲಿಗೆ ಒಂದು ಟೊಪ್ಪಿಗೆ, ಕುದಿಸಿ ಆರಿಸಿದ ನೀರು, ಪ್ರಾಕಾರದಲ್ಲಿ ಹಾಸಲು ಒಂದು ಜಮಖಾನೆಯನ್ನು ಇಟ್ಟುಕೊಳ್ಳಬೇಕು. ಜಮಖಾನೆ ಸ್ವಲ್ಪ ದೊಡ್ಡದೇ ಇರಲಿ; ತಾಯಿಯೂ ಮಲಗುವಷ್ಟು.